ಮಾರಿದ ಕುರಿಯ ಬೆಲೆ

ನನ್ನ ಹಳೆಯ ದಿನಚರಿಯಲ್ಲಿ ೧೯ ಏಪ್ರಿಲ್ ೨೦೦೯, ಭಾನುವಾರದ ಪುಟ ಈ ಪ್ರಶ್ನೆಯಿಂದ ಶುರುವಾಗುತ್ತದೆ: “ಗುರುಗಳೇ, ಹೆದರಿ ಎಲ್ಲವನ್ನೂ ಮಾರಿಬಿಟ್ಟವನು ಮತ್ತೆ ಯಾವಾಗ ಕೊಳ್ಳಬೇಕು?”

ಕೇಳಿದವನು ನನ್ನ ಮೈದುನ ವಿರೂಪಾಕ್ಷ. ಉತ್ತರ ಹೇಳಬೇಕಾಗಿದ್ದವರು ರೇವಣಾರಾಧ್ಯರು, ದಾವಣಗೆರೆಯಲ್ಲಿ ಬಿ.ಎ. ಓದುವಾಗ ನನಗೆ ತರ್ಕಶಾಸ್ತ್ರ ಕಲಿಸಿದವರು. ಆ ವರ್ಷ ನಮ್ಮ ತರಗತಿಯಲ್ಲಿ ಪ್ರಥಮ ದರ್ಜೆ ಬಂದದ್ದು ನನಗೊಬ್ಬಳಿಗೇ. ನಿವೃತ್ತರಾದ ಮೇಲೆ ಅವರು ಭಾನುವಾರ ಬೆಳಿಗ್ಗೆ ತಮ್ಮ ಪಡಸಾಲೆಯಲ್ಲಿ ಕುಳಿತು, ಬಂದವರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ವಿರೂಪಾಕ್ಷನನ್ನು ಅಲ್ಲಿಗೆ ಕರೆದೊಯ್ದವಳು ನಾನೇ.

ಅವನದು ಪಿಂಚಣಿ ಇಲ್ಲದ ಗಿರಣಿ ನೌಕರಿ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಸಂಬಳದಲ್ಲಿ ಉಳಿಸಿ ಉಳಿಸಿ ಕೊಂಡಿದ್ದ ಷೇರುಗಳೇ ಮುಂದೆ ಅವನಿಗೂ ಅವನ ಹೆಂಡತಿಗೂ ಅನ್ನ. ಹಿಂದಿನ ಅಕ್ಟೋಬರಿನಲ್ಲಿ ಪೇಟೆ ಕುಸಿದಾಗ, ಯಾರನ್ನೂ ಕೇಳದೆ ಅಷ್ಟನ್ನೂ ಮಾರಿದ್ದ. ಈಗ ಪೇಟೆ ಅವನು ಮಾರಿದ ಬೆಲೆಯನ್ನು ದಾಟಿ ಮೇಲೆ ಹೋಗಿತ್ತು. ಹಣ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು. ದಿನಾ ಬೆಳಿಗ್ಗೆ ಪತ್ರಿಕೆ ಬರುವ ಮೊದಲೇ ಗೇಟಿನ ಬಳಿ ನಿಂತಿರುತ್ತಿದ್ದ. ದರ ಏರಿದ್ದರೆ ತಿಂಡಿ ಬೇಡ ಎನ್ನುತ್ತಿದ್ದ. ಇಳಿದಿದ್ದರೂ ಬೇಡ ಎನ್ನುತ್ತಿದ್ದ.

“ನನಗೆ ಷೇರಿನ ವಿಷಯ ತಿಳಿಯದು,” ಎಂದರು ಗುರುಗಳು. “ಕುರಿಯ ವಿಷಯ ಸ್ವಲ್ಪ ಗೊತ್ತು. ಕೇಳು.”

ಒಬ್ಬ ಕುರಿಗಾಹಿ ಇದ್ದ. ಅವನಿಗೆ ಒಂದು ಹಿಂಡು ಇತ್ತು. ಬೇಸಿಗೆಯಲ್ಲಿ ರೈತರು ತಮ್ಮ ಹೊಲದಲ್ಲಿ ರಾತ್ರಿ ಹಿಂಡು ನಿಲ್ಲಿಸಿಕೊಳ್ಳುತ್ತಿದ್ದರು. ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಕುರಿಗಾಹಿಗೆ ಜೋಳ ಸಿಗುತ್ತಿತ್ತು. ಉಣ್ಣೆ ಬರುತ್ತಿತ್ತು, ಮರಿಗಳು ಹುಟ್ಟುತ್ತಿದ್ದವು. ಅವನ ಮನೆ ಅದರಲ್ಲೇ ನಡೆಯುತ್ತಿತ್ತು.

ಒಂದು ವರ್ಷ, ಹೊಳೆಯ ಆಚೆ ಕುರಿಗಳಿಗೆ ರೋಗ ಬಂದಿದೆ ಎಂಬ ಸುದ್ದಿ ಹಬ್ಬಿತು. ಪಕ್ಕದ ಹಿಂಡಿನಲ್ಲಿ ಕೆಲವು ಸತ್ತವು. ಸಂತೆಯಲ್ಲಿ ಎಲ್ಲರೂ ಮಾರತೊಡಗಿದರು. ಕುರಿಗಾಹಿ ಎರಡು ಸಂತೆ ಮಾರದೆ ತಡೆದುಕೊಂಡ. ಮೂರನೆಯ ಸಂತೆಗೆ ಹಿಂಡನ್ನು ಪೂರ್ತಿ ಹೊಡೆದುಕೊಂಡು ಹೋಗಿ, ಕೇಳಿದ ಬೆಲೆಗೆ ಕೊಟ್ಟ. ಹಣವನ್ನು ಸೊಂಟಕ್ಕೆ ಕಟ್ಟಿಕೊಂಡ. ಅಂದು ಅವನಿಗೆ ಒಳ್ಳೆಯ ನಿದ್ದೆ ಬಂತು.

ರೋಗ ಬಂತು. ಕೆಲವು ಕುರಿಗಳನ್ನು ತೆಗೆದುಕೊಂಡು ಹೋಯಿತು. ಉಳಿದವು ಉಳಿದವು. ಮಳೆ ಬಿದ್ದಿತು, ಹುಲ್ಲು ಚಿಗುರಿತು.

ಕುರಿಗಾಹಿ ಕುರಿ ಕೊಳ್ಳಲು ಸಂತೆಗೆ ಹೋದ. ಅಲ್ಲಿ ಬೆನ್ನ ಮೇಲೆ ಕೆಮ್ಮಣ್ಣಿನ ಗುರುತಿದ್ದ ಕುರಿಗಳು ನಿಂತಿದ್ದವು. ಆ ಗುರುತು ಹಾಕಿದವನು ಅವನೇ. ಬೆಲೆ ಕೇಳಿದ. ಅವನು ಮಾರಿದ್ದಕ್ಕಿಂತ ಹೆಚ್ಚಿತ್ತು.

“ಇವು ನನ್ನ ಕುರಿಗಳು. ನನಗೇ ಈ ಬೆಲೆ ಹೇಳುತ್ತೀಯಾ?” ಎಂದ.

ವ್ಯಾಪಾರಿ ನಕ್ಕ. “ನಿನ್ನವಾದರೆ ಕೂಗಿ ಕರಿ ಮಾರಾಯ. ಹಿಂದೆ ಬಂದರೆ ಪುಕ್ಕಟೆ ಹೊಡೆದುಕೊಂಡು ಹೋಗು.”

ಸುತ್ತಲಿನವರೂ ನಕ್ಕರು. ಕುರಿಗಾಹಿ ಬರಿಗೈಯಲ್ಲಿ ಮನೆಗೆ ಬಂದ. ನಾನು ಮಾರಿದ ಬೆಲೆಗೆ ಇಳಿಯಲಿ, ಆಮೇಲೆ ಕೊಳ್ಳುತ್ತೇನೆ ಎಂದುಕೊಂಡ.

ಮುಂದಿನ ಸಂತೆಯಲ್ಲಿ ಬೆಲೆ ಇನ್ನೂ ಏರಿತ್ತು. ಅವನು ಕೊಳ್ಳಲಿಲ್ಲ. ಅದರ ಮುಂದಿನ ಸಂತೆಯಲ್ಲಿ ತುಸು ಇಳಿಯಿತು. ರೋಗ ಮರಳಿರಬೇಕು, ಇಲ್ಲದಿದ್ದರೆ ಏಕೆ ಇಳಿಯುತ್ತದೆ ಎಂದು ಅಂದೂ ಕೊಳ್ಳಲಿಲ್ಲ. ಸಂತೆಗೆ ಹೋಗುವುದನ್ನು ಮಾತ್ರ ಒಂದು ವಾರವೂ ಬಿಡಲಿಲ್ಲ.

ಅವನ ಹೆಂಡತಿ ಹೇಳಿದಳು: “ಏರಿದರೆ ದುಬಾರಿ ಅಂತೀರಿ, ಇಳಿದರೆ ರೋಗ ಅಂತೀರಿ. ಹಾಗಾದರೆ ಕುರಿ ಕೂಡುವ ರೊಪ್ಪದಲ್ಲಿ ನಾನೇ ಹೋಗಿ ನಿಲ್ಲಲಾ?”

“ನಿನಗೆ ಸಂತೆಯ ವ್ಯವಹಾರ ತಿಳಿಯದು,” ಎಂದ ಅವನು.

ಬೇಸಿಗೆ ಬಂತು. ರೈತರು ಹಿಂಡು ಕೇಳಲು ಬಂದರು. ರೊಪ್ಪದಲ್ಲಿ ಹುಲ್ಲು ಬೆಳೆದು ಒಣಗಿರುವುದನ್ನು ನೋಡಿ ಬೇರೆಯವನ ಬಳಿಗೆ ಹೋದರು. ಆ ವರ್ಷ ಅವನ ಮನೆಗೆ ಜೋಳ ಬರಲಿಲ್ಲ. ಸೊಂಟದಲ್ಲಿ ಕಟ್ಟಿಕೊಂಡಿದ್ದ ಹಣದಿಂದಲೇ ಜೋಳ ಕೊಳ್ಳಬೇಕಾಯಿತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ವಿರೂಪಾಕ್ಷ ಕಾದ. ಆಮೇಲೆ ತಡೆಯಲಾರದೆ ಕೇಳಿದ: “ಆಮೇಲಾದರೂ ಬೆಲೆ ಇಳಿಯಿತೇ, ಗುರುಗಳೇ? ಅವನು ಮಾರಿದ ಬೆಲೆಗೆ ಬಂತೇ?”

“ಕುರಿ ಸಾಕುವವನು ಕೊಳ್ಳಲು ಹೋದಾಗ ಏನು ನೋಡುತ್ತಾನೆ?”

“ಹಲ್ಲು ನೋಡುತ್ತಾನೆ. ಕೆಚ್ಚಲು ನೋಡುತ್ತಾನೆ. ತನ್ನ ಬಳಿ ಇರುವ ಹಣಕ್ಕೆ ಎಷ್ಟು ಬರುತ್ತವೆ ಎಂದು ನೋಡುತ್ತಾನೆ. ಹೆದರಿಕೆಯಾದರೆ ಈ ಸಂತೆಗೆ ನಾಲ್ಕು, ಮುಂದಿನ ಸಂತೆಗೆ ನಾಲ್ಕು ತರುತ್ತಾನೆ.” ವಿರೂಪಾಕ್ಷ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಹೇಳಿ, ತಾನು ಹೇಳಿದ್ದು ತನಗೇ ಕೇಳಿಸಿದವನಂತೆ ತಲೆ ತಗ್ಗಿಸಿದ. “ಆದರೆ ಗುರುಗಳೇ, ನಾನು ಕೊಂಡ ಮರುದಿನವೇ ಮತ್ತೆ ಕುಸಿದರೆ? ಈ ಸಲ ತಡೆಯುವ ಶಕ್ತಿ ನನಗಿಲ್ಲ. ಸ್ವಲ್ಪ ಇಳಿಯಲಿ. ನಾನು ಮಾರಿದ ಬೆಲೆಗಿಂತ ಒಂದು ರೂಪಾಯಿ ಕಡಿಮೆಯಾದರೂ ಸಾಕು. ಅಂದೇ ಕೊಳ್ಳುತ್ತೇನೆ.”

ಗುರುಗಳು ಅವನನ್ನು ನೋಡಿದರು.

“ವಿರೂಪಾಕ್ಷ, ನಿನಗೆ ಬೇಕಾಗಿರುವುದು ಕುರಿಯೋ, ಮಾರಿದ್ದು ಸರಿಯಾಗಿತ್ತು ಎಂಬ ಸಾಕ್ಷಿಯೋ?”

ವಿರೂಪಾಕ್ಷ ಎದ್ದು ಗುರುಗಳಿಗೆ ಕೈಮುಗಿದ.

ಮರುದಿನವೇ ಅವನು ಕೊಳ್ಳಲು ಶುರು ಮಾಡಿದ ಎಂದು ಬರೆಯಬಹುದಿತ್ತು. ಹಾಗೆ ಆಗಲಿಲ್ಲ. ಚುನಾವಣೆಯ ಫಲಿತಾಂಶ ಬರಲಿ ಎಂದ. ಫಲಿತಾಂಶ ಬಂದ ಮೇಲಿನ ಸೋಮವಾರ ಪೇಟೆ ಎಷ್ಟು ಜಿಗಿಯಿತೆಂದರೆ, ಏರಿಕೆಯ ಮಿತಿ ದಾಟಿತೆಂದು ಅಂದಿನ ವ್ಯವಹಾರವನ್ನೇ ನಿಲ್ಲಿಸಿದರು. ಆಗಸ್ಟಿನಲ್ಲಿ, ನನ್ನ ಎದುರು ಕುಳಿತು, ಇದ್ದ ಹಣವನ್ನು ಹತ್ತು ಭಾಗ ಮಾಡಿದ. ತಿಂಗಳಿಗೆ ಒಂದು ಭಾಗದಂತೆ, ಅಂದಿನ ಬೆಲೆ ಎಷ್ಟೇ ಇರಲಿ, ಕೊಳ್ಳುತ್ತ ಬಂದ. ಮುಂದಿನ ಮೇ ತಿಂಗಳಿಗೆ ಅದು ಮುಗಿಯಿತು. ಮೊದಲು ಅವನ ಬಳಿ ಇದ್ದ ಷೇರುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮರಳಿ ಬಂದವು. ಉಳಿದವು ಬರಲಿಲ್ಲ. ಅವುಗಳ ಬದಲಿಗೆ ನಿವೃತ್ತಿಯಾದ ಮೇಲೂ ಅವನು ನಾಲ್ಕು ವರ್ಷ ಅದೇ ಗಿರಣಿಯಲ್ಲಿ ಗುತ್ತಿಗೆಯ ಮೇಲೆ ರಾತ್ರಿ ಪಾಳಿ ಮಾಡಿದ.