ಹಂಪಣ್ಣ ಸ್ಲೈಡು ಲೈಬ್ರರಿ ಕಾಯ್ದದ್ದು

ಮೂರು ದಿಕ್ಕಿನ ಹಳಿ ಬಂದು ಕೂಡೋ ಕರೇಕಲ್ಲು ಜಂಕ್ಷನ್ನಿನಲ್ಲಿ ಒಬ್ಬಳು ತಾಯಿ, ಒಬ್ಬ ಮಗ. ತಾಯಿ ಸಣ್ಣೀರಮ್ಮ, ಪ್ಲಾಟ್‌ಫಾರ್ಮಿನಲ್ಲಿ ಚುರುಮುರಿ ಮಾರೋಳು. ಮಗ ಹಂಪಣ್ಣ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ಹಿಂದಿನ ಸ್ಟೇಷನ್ನಿನಲ್ಲೇ ನಿಂತಿತ್ತು. ಹೇಳಿದ್ದು ಮಾಡುತ್ತಿದ್ದ. ಹೇಳಿದಷ್ಟೇ ಮಾಡುತ್ತಿದ್ದ. ಅದೇ ಅವನ ರೋಗ.

"ಹಾಲು ಉಕ್ಕುತ್ತೆ, ನೋಡ್ತಿರೋ" ಅಂದಳು ಒಂದು ದಿನ. ಅವನು ನೋಡಿದ. ಹಾಲು ಉಕ್ಕಿತು. ಒಲೆ ಆರಿತು.

"ಅವ್ವಾ, ಭೇಷಾಗಿ ಉಕ್ತು!"

"ಅಯ್ಯೋ ನಿನ್ನ ಬಾಯಿಗೆ ಬೂದಿ ಬೀಳ! ಇಳಿಸೋಕೇನಾಗಿತ್ತೋ?"

"ಇಳಿಸು ಅಂದ್ಯಾ? ನೋಡು ಅಂದೆ. ಹೇಳಿದ್ದು ಮಾಡಿದೀನಿ. ತಪ್ಪಾ?"

ಎದೆ ಸೆಟೆಸಿ ಕೇಳುತ್ತಿದ್ದ, ಹಾಳಾದವನು! ತಲೆ ತಗ್ಗಿಸೋದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೋಟೆಲಿನವರು ಓಡಿಸಿದರು, ಸೈಕಲ್ ಶಾಪಿನವರು ಓಡಿಸಿದರು. ಕೊನೆಗೆ ಸಣ್ಣೀರಮ್ಮ ಅವನ ಕೈ ಹಿಡಿದು ದಸ್ತಗೀರ್ ಸಾಹೇಬರ ಮುಂದೆ ನಿಲ್ಲಿಸಿದಳು.

ಸಾಹೇಬರು ರಿಟೈರಾದ ಗಾರ್ಡು. ರೈಲು ಬಿಟ್ಟರೂ ರೈಲಿನ ಹುಚ್ಚು ಬಿಟ್ಟಿರಲಿಲ್ಲ. ನೌಕರರ ಕ್ಲಬ್ಬಿನ ಹಿಂದುಗಡೆ ರೂಮಿನಲ್ಲಿ ಅವರದ್ದೊಂದು ಲೈಬ್ರರಿ. ಪುಸ್ತಕದ್ದಲ್ಲ, ಸ್ಲೈಡಿನದ್ದು. ರಟ್ಟಿನ ಚೌಕಟ್ಟಿನಲ್ಲಿ ಬಿಸ್ಕತ್ತಿನಷ್ಟು ಅಗಲದ ಫಿಲಂ ಚಿತ್ರಗಳು. ದೀಪದ ಮೆಷಿನ್ನಿಗೆ ತುರುಕಿದರೆ ಪರದೆ ಮೇಲೆ ಆನೆಯಷ್ಟು ದೊಡ್ಡದಾಗಿ ಬೀಳುತ್ತವೆ. ಎಲ್ಲವೂ ಆಟದ ರೈಲಿನ ಚಿತ್ರ. ಬೆಂಕಿಪೊಟ್ಟಣದಲ್ಲಿ ಬೋಗಿ ಮಾಡೋದು ಹೇಗೆ, ತೆಂಗಿನ ನಾರಿನಲ್ಲಿ ಮರ ಮಾಡೋದು ಹೇಗೆ, ಸುರಂಗಕ್ಕೆ ಕಲ್ಲಿನ ಬಣ್ಣ ಬಳಿಯೋದು ಹೇಗೆ. ಸುತ್ತ ಊರುಗಳಲ್ಲಿ ಆಟದ ರೈಲಿನ ಹುಚ್ಚರಿದ್ದರು. ದೊಡ್ಡ ದೊಡ್ಡ ಮೀಸೆಯವರು, ಮನೆಯಲ್ಲಿ ಮಂಚದ ಕೆಳಗೆ ಹಳಿ ಹಾಕಿಕೊಂಡವರು! ಅವರು ಪೆಟ್ಟಿಗೆಗಟ್ಟಲೆ ಸ್ಲೈಡು ಎರವಲು ಒಯ್ದು, ನೋಡಿ, ವಾಪಸ್ ಕೊಡುತ್ತಿದ್ದರು. ಪೆಟ್ಟಿಗೆ ಹೊರೋಕೆ ಆಳು ಬೇಕಿತ್ತು.

"ಇವನು ಹೊರ್ತಾನೆ ಸಾಹೇಬ್ರೇ. ಇದೂ ತಪ್ಪಿಹೋದ್ರೆ ನನ್ನ ಮಗನಿಗೆ ಈ ಊರಲ್ಲಿ ಇನ್ಯಾವ ಬಾಗ್ಲೂ ಇಲ್ಲ" ಅಂದಳು ಸಣ್ಣೀರಮ್ಮ.

"ಇರ್ಲಿ ಬಿಡಮ್ಮ. ಹೇಳಿದ್ದು ಮಾಡಿದ್ರೆ ಸಾಕು" ಅಂದರು ಸಾಹೇಬರು. ಪಾಪ, ಗೊತ್ತಿರಲಿಲ್ಲ.

ಮೊದಲ ದಿನ ಹೊರಡುವಾಗ ತಾಯಿ ಬುದ್ಧಿ ಹೇಳಿದಳು. "ನೋಡೋ, ಮರ್ಯಾದಸ್ಥರ ಜತೆ ವ್ಯವಹಾರ. ಎರವಲು ತಂದ ಡಬ್ಬಿ ಖಾಲಿ ವಾಪಸ್ ಕೊಡಬಾರ್ದು. ಚೂರು ಬೆಲ್ಲನೋ, ಸಕ್ಕರೆನೋ, ಏನಾದ್ರೂ ಹಾಕಿ ಕೊಡ್ಬೇಕು."

"ಆಗ್ಲಿ ಅವ್ವಾ."

ಹಲ್ಲಿನ ಡಾಕ್ಟರು ಸೋಮಯಾಜಿಗಳ ಮನೆಯಿಂದ ಪೆಟ್ಟಿಗೆ ಇಸಕೊಂಡ. ತೆಗೆದು ನೋಡಿದ. ಸ್ಲೈಡುಗಳ ನಡುನಡುವೆ ಖಾಲಿ ಸಂದು! ಛೆ ಛೆ, ಮರ್ಯಾದಸ್ಥರು! ಅಂಗಡಿಗೆ ಹೋದ, ಬೆಲ್ಲ ಪುಡಿ ಮಾಡಿಸಿದ, ಸಂದುಸಂದಿಗೂ ತುಂಬಿದ. ಮಧ್ಯಾಹ್ನದ ಬಿಸಿಲು. ಸಾಹೇಬರು ಮುಚ್ಚಳ ತೆಗೆದರೆ ಬೆಲ್ಲ ಕರಗಿ ಪಾಕ, ಪಾಕದ ಮೇಲೆ ಇರುವೆ, ಇರುವೆ ಕೆಳಗೆ ರೈಲು.

"ಯಾ ಅಲ್ಲಾ! ಏನೋ ಇದು?"

"ಬೆಲ್ಲ ಸಾಹೇಬ್ರೇ. ಅವ್ವ ಹೇಳಿದ್ದು ಮಾಡಿದೀನಿ. ತಪ್ಪಾ?"

ಸಾಹೇಬರು ಹಣೆ ಚಚ್ಚಿಕೊಂಡರು. "ಗೂಬೆ! ಏನೇ ತಗೊಂಡ್ರೂ ಮೊದ್ಲು ಬೆಳಕಿಗೆ ಹಿಡಿದು ನೋಡ್ಬೇಕು. ಚಿತ್ರ ಕಂಡ್ರೆ ತಗೋ. ಕಾಣದಿದ್ರೆ ಮುಟ್ಬೇಡ. ತಿಳೀತಾ?"

"ತಿಳೀತು."

ಮರುವಾರ ಹೊಸ ಪರದೆ ತರೋಕೆ ಟೈಲರ್ ಮಾಚಯ್ಯನ ಹತ್ತಿರ ಕಳಿಸಿದರು. ಮಾಚಯ್ಯ ಬೆಳ್ಳಗಿನ ಬಟ್ಟೆ ಮಡಿಸಿ ಕೊಟ್ಟ. ಹಂಪಣ್ಣ ಬೀದಿಯಲ್ಲಿ ನಿಂತು ಬಿಡಿಸಿದ, ಸೂರ್ಯನಿಗೆ ಹಿಡಿದ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ.

"ಏನ್ರೀ ಇದು? ಇದ್ರಲ್ಲಿ ಚಿತ್ರವೇ ಇಲ್ಲ!"

"ಪರದೇಲಿ ಚಿತ್ರ ಎಲ್ಲಿರುತ್ತಯ್ಯಾ?"

"ಒಂದು ಎಂಜಿನ್ನೂ ಇಲ್ಲ, ಒಂದು ಕಂಬವೂ ಇಲ್ಲ! ಪೆದ್ದ ಅಂತ ಮೋಸ ಮಾಡ್ತೀರಾ? ಇಟ್ಕೊಳ್ಳಿ ನಿಮ್ಮ ಬಟ್ಟೆ!"

ಬರಿಗೈಯಲ್ಲಿ ಬಂದ. ಅವತ್ತಿನ ಪ್ರದರ್ಶನ ಸಾಹೇಬರ ಲುಂಗಿ ಮೇಲೆ ನಡೆಯಿತು. ಚೌಕಳಿ ಲುಂಗಿ. ಮೇಲ್ ಗಾಡಿ ಜೈಲೊಳಗೆ ಓಡಿದ ಹಾಗೆ ಕಂಡಿತು.

"ಚಿತ್ರ ಕಾಣದಿದ್ರೆ ಮುಟ್ಬೇಡ ಅಂದಿದ್ರಿ. ಮುಟ್ಲಿಲ್ಲ. ತಪ್ಪಾ?"

ಸಾಹೇಬರು ಅವನನ್ನು ಮೆಷಿನ್ನಿನ ಹತ್ತಿರ ಎಳೆದೊಯ್ದರು. "ಇಲ್ಲಿ ನೋಡು, ಕತ್ತೆ. ಸ್ಲೈಡು ನೆಟ್ಟಗೆ ಹಾಕ್ದೆ. ಪರದೆ ಮೇಲೆ ಏನಾಯ್ತು?"

"ರೈಲು ತಲೆಕೆಳಗಾಗಿ ಲಾಗ ಹಾಕ್ತಿದೆ!"

"ಈಗ ತಲೆಕೆಳಗು ಹಾಕ್ದೆ. ಏನಾಯ್ತು?"

"ನೆಟ್ಟಗಾಯ್ತು! ವಾರೆವ್ಹಾ!"

"ನಮ್ಮ ಲೈಬ್ರರಿ ಕಸುಬೇ ಇಷ್ಟು. ತಲೆಕೆಳಗು ಹಿಡಿದ್ರೆ ನೆಟ್ಟಗೆ ಬರುತ್ತೆ. ಜನ್ಮದಲ್ಲಿ ಮರೀಬೇಡ."

ಮರೆಯಲಿಲ್ಲ. ಅದೇ ತಿಂಗಳು ಸೋಮಯಾಜಿ ಡಾಕ್ಟರು ಒಂದು ಆಟದ ಸ್ಟೇಷನ್ ಕಟ್ಟಿ ಮುಗಿಸಿದರು. ಹಲಗೆ ಮೇಲೆ ಪ್ಲಾಟ್‌ಫಾರ್ಮು, ಗಡಿಯಾರ, ಸ್ಟೇಷನ್ ಮಾಸ್ಟ್ರು, ಕೂಲಿಗಳು, ಮೂಟೆಗಳು, ಅಕ್ಕಿಕಾಳಿನಷ್ಟು ಒಂದು ನಾಯಿ. ಹಲ್ಲು ಕೀಳೋ ಚಿಮಟದಲ್ಲೇ ಎಲ್ಲ ಕೂರಿಸಿದ್ದು! ಗೋಂದು ಮಾತ್ರ ಇನ್ನೂ ಹಚ್ಚಿರಲಿಲ್ಲ. ಫೋಟೋ ಹಿಡಿದು ಹೊಸ ಸ್ಲೈಡು ಮಾಡೋಕೆ ಅದನ್ನು ಲೈಬ್ರರಿಗೆ ತರಬೇಕಿತ್ತು. ಹಂಪಣ್ಣ ಹಲಗೆ ಎತ್ತಿದ. ತಲೆಕೆಳಗು ಮಾಡಿದ. ತಲೆ ಮೇಲೆ ಇಟ್ಟುಕೊಂಡ. ಸೀಟಿ ಹೊಡೆಯುತ್ತ ಬಂದ. ಡಾಕ್ಟರು ಹಿಂದೆ ಹಿಂದೆ ನೆಲ ತಡಕುತ್ತ, ಅಳುತ್ತ ಬಂದರು.

"ನನ್ನ ಸ್ಟೇಷನ್ ಮಾಸ್ಟ್ರು ಚರಂಡಿಗೆ ಬಿದ್ದುಹೋದ್ರಲ್ಲೋ!"

"ಅಳ್ಬೇಡಿ ಡಾಕ್ಟ್ರೇ, ಈಗ ನೆಟ್ಟಗೆ ಬರ್ತಾರೆ!" ಅಂತ ಹಲಗೆ ತಿರುಗಿಸಿದ. ಹಲಗೆ ಬೋಳು. "ಸಾಹೇಬ್ರೇ, ನೀವು ಹೇಳಿದ್ದು ಮಾಡಿದೀನಿ. ಮಾತಿಗೆ ತಪ್ಪಿದ್ದು ಆ ಸ್ಟೇಷನ್ ಮಾಸ್ಟ್ರು!"

ಈ ಸಲ ಬೈದವರು ಡಾಕ್ಟರು. "ಮೂರ್ಖ! ಅಲುಗಾಡೋದು ಏನೇ ಇರ್ಲಿ, ಮೊದ್ಲು ಗೋಂದು ಹಚ್ಚಿ ಕೂರಿಸ್ಬೇಕು! ಗೋಂದು! ಗಟ್ಟಿ ಗೋಂದು! ಮಿಕ್ಕಿದ್ದೆಲ್ಲ ಆಮೇಲೆ!" ಅಂತ ತಮ್ಮ ಗೋಂದಿನ ಡಬ್ಬಿಯನ್ನೇ ಅವನ ಕೈಗೆ ಕುಕ್ಕಿದರು.

ಆ ಹೊತ್ತಿಗೇ ನಿಜವಾದ ಆಪತ್ತು ಬಂತು. ಕ್ಲಬ್ಬಿಗೆ ಹೊಸ ಸೆಕ್ರೆಟರಿ, ಭದ್ರೇಗೌಡರು. ಆಳು ಭಾರಿ, ಕೂತಲ್ಲಿ ಕೂರೋ ಜೀವವಲ್ಲ. ಹಿಂದಿನ ರೂಮು ಇಸ್ಪೀಟಿಗೆ ಬೇಕು ಅಂದರು. ಪೆಟ್ಟಿಗೆಗಳನ್ನು ರದ್ದಿಗೆ ಹಾಕಿ ಅಂದರು.

ದಸ್ತಗೀರ್ ಸಾಹೇಬರು ಜಗ್ಗಲಿಲ್ಲ. "ಸಾವಿರಾರು ಚಿತ್ರ ಸ್ವಾಮಿ. ಎಷ್ಟೋ ಜನರ ಕೈಕೆಲಸ ಇದೆ ಅದ್ರೊಳಗೆ. ಒಂದು ಸಲ ಕೂತು ನೋಡಿ. ಆಮೇಲೆ ರದ್ದಿ ಅನ್ನಿ."

"ನೋಡ್ತೀನಿ ಕಣಯ್ಯ. ಎಲ್ರೆದುರೇ ಹೇಳ್ತೀನಿ, ಕೊನೇ ಚಿತ್ರದವರೆಗೂ ನಾನು ಕೂತಿದ್ರೆ ಲೈಬ್ರರಿ ಇಲ್ಲೇ ಇರ್ಲಿ. ನಡುವೆ ಎದ್ದೆನೋ, ರೂಮು ಖಾಲಿ!" ಅಂತ ನಕ್ಕರು. ಮೂರನೇ ಚಿತ್ರಕ್ಕೇ ಏಳೋದು ಅಂತ ಮೊದಲೇ ಲೆಕ್ಕ.

ಭಾನುವಾರ ಸಂಜೆ ಊರಿನ ರೈಲುಹುಚ್ಚರೆಲ್ಲ ಸೇರಿದರು. ಸಣ್ಣೀರಮ್ಮನೂ ಚುರುಮುರಿ ಬುಟ್ಟಿ ಬಿಟ್ಟು ಬಂದು ಬಾಗಿಲ ಹತ್ತಿರ ನಿಂತಳು. ಮಗನ ಕೆಲಸ ಆ ರೂಮಿನ ಜತೆಗೇ ಹೋಗೋದಿತ್ತು. ಹಂಪಣ್ಣ ಕುರ್ಚಿ ಹಾಕಿದ. ಸೆಕ್ರೆಟರಿಗೆ ಅಂತ ಮುಂದೆ ಬೆತ್ತದ ದೊಡ್ಡ ಕುರ್ಚಿ. ಮುಟ್ಟಿ ನೋಡಿದ, ಅಲುಗಾಡಿತು! ಕೂರೋಕೆ ಬರುತ್ತಿದ್ದ ಭದ್ರೇಗೌಡರನ್ನು ನೋಡಿದ, ಅವರು ಇನ್ನೂ ಅಲುಗಾಡುತ್ತಿದ್ದರು! ಗೋಂದಿನ ಡಬ್ಬಿ ಪೂರ್ತಿ ಕುರ್ಚಿ ಮೇಲೆ ಸುರಿದ.

ದೀಪ ಆರಿತು, ಮೆಷಿನ್ ಬೆಳಗಿತು. ಮೊದಲ ಚಿತ್ರ, ಸೇತುವೆ. ಎರಡನೆಯದು, ಸುರಂಗ. ಮೂರನೆಯದಕ್ಕೆ ಭದ್ರೇಗೌಡರು "ಸಾಕು" ಅಂತ ಏಳೋಕೆ ಹೋದರು. ಏಳೋಕಾಗಲಿಲ್ಲ. ಇನ್ನೊಂದು ಸಲ ನೋಡಿದರು. ಕುರ್ಚಿ ಹಿಡಿದುಕೊಂಡಿತು. ಅಷ್ಟು ಜನರ ಮುಂದೆ ಕೂಗೋಕೆ ನಾಚಿಕೆ. ಬೆವರುತ್ತ ಕೂತರು. ಬೆಂಕಿಪೊಟ್ಟಣದ ಬೋಗಿಯಿಂದ ನಾರಿನ ಮರದವರೆಗೆ ಕೂತರು. ಕೊನೇ ಚಿತ್ರವೂ ಮುಗಿದು ದೀಪ ಹತ್ತಿತು.

"ಕೊನೇವರೆಗೂ ಕೂತ್ರು!" ಅಂತ ಡಾಕ್ಟರು ಕುಣಿದರು. "ಲೈಬ್ರರಿ ಉಳೀತು!"

"ಮೋಸ!" ಭದ್ರೇಗೌಡರು ಕುರ್ಚಿಯ ಸಮೇತ ಎದ್ದು ನಿಂತು ಗುಡುಗಿದರು. "ಗೋಂದು ಹಾಕಿ ಕೂರಿಸಿದ್ದೀರಿ! ಯಾವನದು ಈ ಕೆಲಸ?"

"ನಂದು! ಡಾಕ್ಟ್ರು ಹೇಳಿದ್ದು ಮಾಡಿದೀನಿ. ತಪ್ಪಾ?" ಅಂದ ಹಂಪಣ್ಣ, ಎದೆ ಸೆಟೆಸಿ.

"ತಪ್ಪಾ? ನಾನು ಹೇಳ್ತೀನಿ ಕೇಳೋ ಬೆಪ್ಪೇ! ಎಲ್ರನ್ನೂ ಹೊರಗೆ ಹಾಕು. ಬೀಗ ಜಡಿ. ಈ ರೂಮಿಂದ ಒಂದು ಸಾಮಾನೂ ಹೊರಗೆ ಹೋಗಬಾರ್ದು! ನಾಳೆ ನಾನೇ ಹೊರಗಿಂದ ಬಂದು ಹೇಳೋವರೆಗೂ ಯಾರು ಬಡಿದ್ರೂ, ಯಾರು ಹೇಳಿದ್ರೂ ಬಾಗ್ಲು ತೆಗೀಬೇಡ!"

"ಆಗ್ಲಿ ಸ್ವಾಮಿ!"

ಡಾಕ್ಟರನ್ನು ಹೊರಗೆ ಹಾಕಿದ. ಸಾಹೇಬರನ್ನು ಹೊರಗೆ ಹಾಕಿದ. ಹೆತ್ತ ತಾಯಿಯನ್ನೂ ಹೊರಗೆ ಹಾಕಿದ. ಭದ್ರೇಗೌಡರು ಕುರ್ಚಿ ಹೊತ್ತು ಆಮೆಯ ಹಾಗೆ ಬಾಗಿಲಿಗೆ ಬಂದರು. ಹಂಪಣ್ಣ ಅಡ್ಡ ನಿಂತ.

"ಸಾಮಾನು ಹೊರಗೆ ಹೋಗಬಾರ್ದು."

"ನಾನು ಕಣೋ!"

"ಕುರ್ಚಿ ರೂಮಿಂದು." ಒಳಕ್ಕೆ ತಳ್ಳಿದ. ಬೀಗ ಜಡಿದ. ಕೀಲಿ ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲ ಮೇಲೆ ಕೂತ.

ಒಳಗಿಂದ ದಬದಬ ಬಡಿತ. "ತೆಗೆಯೋ! ಸೆಕ್ರೆಟರಿ ಹೇಳ್ತಿದೀನಿ!"

"ಸೆಕ್ರೆಟರಿ ಹೊರಗಿಂದ ಬಂದು ಹೇಳ್ತೀನಿ ಅಂದವ್ರೆ. ನೀವು ಒಳಗಿಂದ ಹೇಳ್ತಿದೀರಿ."

ಸಾಹೇಬರು ಮೆತ್ತಗೆ, "ಹಂಪಣ್ಣ, ಕೀಲಿ ಕೊಡಪ್ಪ" ಅಂದರು.

"ಯಾರು ಹೇಳಿದ್ರೂ ತೆಗೀಬೇಡ ಅಂದವ್ರೆ."

ಸಣ್ಣೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಗನ ಪಕ್ಕ ಕೂತಳು. ಜನ್ಮದಲ್ಲಿ ಮೊದಲ ಸಲ ಅವಳು ಅವನನ್ನು ಬೈಯಲಿಲ್ಲ. "ಯಾರೂ ಬಾಯಿ ಹಾಕ್ಬೇಡಿ! ಹೇಳಿದ್ದು ಮಾಡ್ತಿದಾನೆ ನನ್ನ ಮಗ. ಹೇಳಿದೋರು ಅನುಭವಿಸ್ಲಿ!"

ರಾತ್ರಿ ಏರುತ್ತ ಬಂತು. ಕೊನೆಗೆ ಕಿಟಕಿ ಸರಳಿಗೆ ಮುಖ ಒತ್ತಿ ಭದ್ರೇಗೌಡರು ಅಂಗಲಾಚಿದರು. "ಆಯ್ತು ಕಣಪ್ಪಾ! ಲೈಬ್ರರಿ ಇಲ್ಲೇ ಇರ್ಲಿ! ನಾನು ಸಾಯೋವರೆಗೂ ಇರ್ಲಿ! ಎಲ್ರೂ ಕೇಳಿಸ್ಕೊಳ್ಳಿ, ಮಾತು ಕೊಟ್ಟೆ! ಈಗಲಾದ್ರೂ ಬಾಗ್ಲು ತೆಗಿ!"

ಬೀದಿಯಲ್ಲಿದ್ದವರೆಲ್ಲ ಹೋ ಅಂತ ಕೂಗಿದರು. ಸಾಹೇಬರು ಕಣ್ಣೊರೆಸಿಕೊಂಡರು. ಡಾಕ್ಟರು ಸಾಹೇಬರನ್ನು ತಬ್ಬಿದರು. "ಗೆದ್ವಲ್ಲೋ! ತೆಗಿ ಇನ್ನ!" ಅಂದಳು ತಾಯಿ.

ಹಂಪಣ್ಣ ಮಾತ್ರ ಕದಲಲಿಲ್ಲ. ಕಿಟಕಿ ಕಡೆ ತಿರುಗಿ ಸಮಾಧಾನವಾಗಿ ಹೇಳಿದ.

"ಒಳ್ಳೇ ಮಾತು ಸ್ವಾಮಿ. ಸ್ವಲ್ಪ ತಡ್ಕೊಳ್ಳಿ. ನಾಳೆ ಸೆಕ್ರೆಟರಿ ಬರ್ತಾರೆ, ಅವರಿಗೂ ಒಂದು ಮಾತು ಹೇಳಿಬಿಡಿ."