ಆಟವಿಲ್ಲದ ವರ್ಷ

ಹೊಳೆದಂಡೆಯ ಊರೊಂದರಲ್ಲಿ ಬಯಲಾಟದ ಮೇಳವಿತ್ತು. ಹೊನ್ನೂರಪ್ಪನವರು ಅದರ ಗುರುಗಳು. ಪದ ಹಾಡುವವರು ಅವರೇ, ಕುಣಿತ ಕಲಿಸುವವರು ಅವರೇ, ವೇಷಧಾರಿಗಳ ತಲೆಗೆ ಕಿರೀಟ ಬಿಗಿಯುವವರೂ ಅವರೇ.

ಅವರ ಶಿಷ್ಯ ಕೊಟ್ರೇಶಿ ಭೀಮನ ವೇಷಕ್ಕೆ ಹೆಸರಾದವನು. ಅವನು ರಂಗಕ್ಕೆ ಬಂದರೆ ಅಳುವ ಕೂಸೂ ಸುಮ್ಮನಾಗುತ್ತದೆ ಎಂದು ಸುತ್ತಲಿನ ಜನ ಹೇಳುತ್ತಿದ್ದರು.

ಸುಗ್ಗಿ ಮುಗಿಯಿತು. ಆಟದ ಕಾಲ ಬಂತು. ಮೇಳದವರೆಲ್ಲ ಗುರುಗಳ ಅಂಗಳದಲ್ಲಿ ಸೇರಿದರು.

"ಈ ವರ್ಷ ಆಟವಿಲ್ಲ," ಎಂದರು ಗುರುಗಳು.

ಕೊಟ್ರೇಶಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎನಿಸಿತು.

"ನಮ್ಮಿಂದ ಏನಾದರೂ ತಪ್ಪಾಯಿತೇ, ಗುರುಗಳೇ?"

"ಇಲ್ಲಪ್ಪ. ಆಟ ಚೆನ್ನಾಗಿಯೇ ಆಗುತ್ತಿದೆ."

"ಮತ್ತೆ ನಿಲ್ಲಿಸುವುದೇಕೆ?"

"ಮೇಳ ಕಟ್ಟಬೇಕು."

"ಮೇಳ ಇದೆಯಲ್ಲ?"

"ಎಲ್ಲಿದೆ?"

ಕೊಟ್ರೇಶಿ ಸುತ್ತ ನೋಡಿದ. ದ್ರೌಪದಿಯ ಪಾತ್ರದ ಹುಲಿಗೆಮ್ಮ ಕೂತಿದ್ದಳು. ಮದ್ದಳೆಯ ಫಕೀರಪ್ಪ ಕೂತಿದ್ದ. ಉಳಿದವರೂ ಅಲ್ಲೇ ಇದ್ದರು. ಗುರುಗಳ ಕಣ್ಣು ಮಂಜಾಯಿತೇನೋ ಎಂದು ಅವನಿಗೆ ಅನುಮಾನ ಬಂತು.

ಮರುದಿನದ ಅಭ್ಯಾಸ ಇನ್ನೂ ವಿಚಿತ್ರವಾಗಿತ್ತು. ಗುರುಗಳು ತಮ್ಮ ತಾಳವನ್ನು ಹುಲಿಗೆಮ್ಮನ ಕೈಗಿಟ್ಟು, "ಪದ ನೀನು ಹಾಡು," ಎಂದರು. ಹೊಸಬರಿಗೆ ಹೆಜ್ಜೆ ಕಲಿಸಲು ಫಕೀರಪ್ಪನಿಗೆ ಹೇಳಿದರು. ಕಿರೀಟ ಕಟ್ಟುವ ಕೆಲಸ ಕೊಟ್ರೇಶಿಯದಾಯಿತು. ಆಮೇಲೆ ತಾವು ಹೊರಗಿನ ಬೇವಿನ ಕಟ್ಟೆಯ ಮೇಲೆ ಹೋಗಿ ಕೂತರು.

ಕೊಟ್ರೇಶಿ ಕಟ್ಟಿದ ಕಿರೀಟ ಮೊದಲ ಕುಣಿತಕ್ಕೇ ಉರುಳಿ ಬಿತ್ತು. ಅವನು ಮುಖ ಕೆಂಪಗೆ ಮಾಡಿಕೊಂಡು ಕಟ್ಟೆಗೆ ಬಂದ.

"ಗುರುಗಳೇ, ನಾನು ಕುಣಿಯುವವನು. ಇದು ನನ್ನ ಕೆಲಸವಲ್ಲ."

"ನಿನ್ನ ತಲೆಗೆ ಇಷ್ಟು ವರ್ಷ ಕಟ್ಟಿದವರಾರು?"

"ನೀವು."

"ನಾನು ಗಂಟು ಎಲ್ಲಿ ಹಾಕುತ್ತಿದ್ದೆ?"

ಕೊಟ್ರೇಶಿಗೆ ಗೊತ್ತಿರಲಿಲ್ಲ. ಸುಮ್ಮನೆ ಒಳಗೆ ಹೋದ. ಬೇರೆಯವರ ತಲೆ ಹಿಡಿದು, ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿದ. ಇದು ಶಿಕ್ಷೆಯೋ ಪಾಠವೋ, ಅವನಿಗೆ ತಿಳಿಯಲಿಲ್ಲ.

ಹೀಗೇ ದಿನ ಹೋದವು. ಜಗಳಗಳಾದವು. ಒಬ್ಬಿಬ್ಬರು ಮುನಿಸಿಕೊಂಡು ಮನೆಯಲ್ಲಿ ಕೂತರು. ಹುಲಿಗೆಮ್ಮ ಹೋಗಿ ಅವರನ್ನು ಕರೆತಂದಳು. ಗುರುಗಳು ಎಲ್ಲವನ್ನೂ ನೋಡುತ್ತಿದ್ದರು. ನಡುವೆ ಬಾಯಿ ಹಾಕಲಿಲ್ಲ.

ಒಂದು ಮಧ್ಯಾಹ್ನ ಆಚೆ ದಂಡೆಯ ಊರಿನ ಹಿರಿಯರು ಹರಿಗೋಲಿನಲ್ಲಿ ಬಂದಿಳಿದರು. ಆಟಕ್ಕೆ ಕರೆಯಲು ವೀಳ್ಯ ಹಿಡಿದು ಗುರುಗಳ ಕಟ್ಟೆಗೆ ಬಂದರು.

"ಕೊಟ್ರೇಶಿಗೆ ಕೊಡಿ," ಎಂದರು ಗುರುಗಳು. "ಅವನು ಹೇಳಿದ ಹಾಗೆ ಆಗಲಿ."

ಕೊಟ್ರೇಶಿಯ ಎದೆ ಹಿಗ್ಗಿತು. ಕೈ ಚಾಚಿ ವೀಳ್ಯ ತೆಗೆದುಕೊಂಡ. ಒಪ್ಪಿಕೊಳ್ಳಲು ಬಾಯಿ ತೆರೆದ.

"ನಾನು ಮಾತ್ರ ಹಾಡುವುದಿಲ್ಲ," ಎಂದರು ಗುರುಗಳು.

ತೆರೆದ ಬಾಯಿ ಹಾಗೇ ಉಳಿಯಿತು. ಒಪ್ಪು ಎಂದರೋ, ಬೇಡ ಎಂದರೋ? ಗುರುಗಳ ಮುಖ ನೋಡಿದ. ಅಲ್ಲಿ ಏನೂ ಕಾಣಲಿಲ್ಲ. ಕೊನೆಗೆ ವೀಳ್ಯ ಹಿಡಿದೇ ಮೇಳದವರ ಕಡೆ ತಿರುಗಿದ.

"ನೀವೇನಂತೀರಿ?"

ಅವನು ಹಾಗೆ ಕೇಳಿದ್ದು ಅದೇ ಮೊದಲು.

"ಹೋಗೋಣ," ಎಂದ ಫಕೀರಪ್ಪ. "ಈ ಸಲ ಬಿಟ್ಟರೆ ಮುಂದೆ ಕರೆಯುವವರಿಲ್ಲ."

"ನನಗೆ ಬರುವುದು ಅರ್ಧ ಪದಗಳು," ಎಂದಳು ಹುಲಿಗೆಮ್ಮ. "ಗುರುಗಳ ಗುರುಗಳು ತೀರಿಕೊಂಡಾಗ ಪದಗಳೂ ಅರ್ಧಕ್ಕರ್ಧ ಅವರ ಜೊತೆಗೇ ಹೋದವಂತೆ. ಎಷ್ಟೋ ವರ್ಷ ಈ ಊರಲ್ಲಿ ಮದ್ದಳೆಯ ಸದ್ದೇ ಇರಲಿಲ್ಲ ಅಂತ ನಮ್ಮವ್ವ ಹೇಳುತ್ತಿದ್ದಳು. ಮತ್ತೆ ಹಾಗಾಗಬಾರದು. ನಾನು ಪೂರ್ತಿ ಕಲಿಯುವವರೆಗೆ ಬೇಡ, ಕೊಟ್ರೇಶಣ್ಣ."

ಮಾತಿಗೆ ಮಾತು ಬೆಳೆಯಿತು. ಹೊತ್ತು ಇಳಿಯಿತು. ಬಂದವರು ಹರಿಗೋಲಿನ ಕಡೆ ನೋಡತೊಡಗಿದರು. ಕಡೆಗೆ ಫಕೀರಪ್ಪನೇ, "ಆಯಿತು, ಅವಳು ಹೇಳುವುದು ಸರಿ," ಎಂದ.

ಕೊಟ್ರೇಶಿ ವೀಳ್ಯವನ್ನು ಕಣ್ಣಿಗೊತ್ತಿಕೊಂಡು ಹಿಂದಕ್ಕೆ ಕೊಟ್ಟ.

"ಮುಂದಿನ ವರ್ಷ ತಪ್ಪದೆ ಬರುತ್ತೇವೆ, ಯಜಮಾನರೇ."

"ಮುಂದಿನ ವರ್ಷದ್ದು ಯಾರು ಕಂಡಿದ್ದಾರೆ?" ಎಂದು ಅವರು ಎದ್ದು ಹೋದರು. ಅದೇ ವಾರ ಬೇರೆ ಮೇಳವನ್ನು ಕರೆಸಿದರು. ಆಟದ ರಾತ್ರಿ ಹೊಳೆಯ ಮೇಲಿಂದ ತೇಲಿಬಂದ ಇನ್ನೊಬ್ಬರ ಮದ್ದಳೆಯ ಸದ್ದು ಕೇಳಿ ಕೊಟ್ರೇಶಿಯ ಹೊಟ್ಟೆ ಉರಿಯಿತು. ಅವನ ಕಾಲುಗಳು ತಾವಾಗಿಯೇ ನೆಲ ತಟ್ಟುತ್ತಿದ್ದವು.

ಮರುದಿನ ಬೆಳಗ್ಗೆ ಗುರುಗಳು ಹೊಳೆಯಲ್ಲಿ ಮುಖ ತೊಳೆಯುತ್ತಿದ್ದರು. ಕೊಟ್ರೇಶಿ ಬಂದು ಪಕ್ಕದಲ್ಲಿ ನಿಂತ.

"ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ, ಗುರುಗಳೇ. ನೀವಾದರೂ ಹೇಳಿ."

"ಯಾರನ್ನು ಕೇಳಿ ವೀಳ್ಯ ಹಿಂದಕ್ಕೆ ಕೊಟ್ಟೆ?"

"ಎಲ್ಲರನ್ನೂ ಕೇಳಿದೆ."

"ನನ್ನನ್ನು?"

ಕೊಟ್ರೇಶಿ ಬೆಚ್ಚಿದ. ಅಷ್ಟು ಹೊತ್ತು ಮಾತು ನಡೆದಿತ್ತು. ಗುರುಗಳು ಅಲ್ಲೇ ಕಟ್ಟೆಯ ಮೇಲಿದ್ದರು. ಒಬ್ಬರೂ ಅವರ ಕಡೆ ತಿರುಗಿರಲಿಲ್ಲ.

"ತಪ್ಪಾಯಿತು," ಎಂದ ತಲೆ ತಗ್ಗಿಸಿ. "ಮರೆತೇಬಿಟ್ಟೆ."

ಗುರುಗಳು ಹೆಗಲ ಮೇಲಿನ ವಸ್ತ್ರದಿಂದ ನಿಧಾನವಾಗಿ ಮುಖ ಒರೆಸಿಕೊಂಡರು.

"ಹೋಗಿ ಮೇಳದವರನ್ನು ಕೇಳಿ ಬಾ," ಎಂದರು. "ಮುಂದಿನ ವರ್ಷ ನನಗೂ ಒಂದು ಸಣ್ಣ ವೇಷ ಕೊಡುತ್ತಾರೋ ಏನೋ."