ಹರಳೆಣ್ಣೆ ಬೆಂದಿಲ್ಲ

"ಗುರುಗಳೇ, ಈ ವರ್ಷವೂ ನಾನು ಪಕ್ವನಾಗಿಲ್ಲ ಎಂದಿರಿ. ದೋಷ ನನ್ನಲ್ಲಿದೆಯೋ, ನನ್ನ ಕೋಣೆಯಲ್ಲಿ ಜೊತೆಗಿರುವವನಲ್ಲಿದೆಯೋ?"

ಕೇಳಿದವನು ಏಳು ವರ್ಷದಿಂದ ಮಠದಲ್ಲಿದ್ದ ಶಿಷ್ಯ. ವರ್ಷಕ್ಕೊಮ್ಮೆ ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಮುಖ ನೋಡುತ್ತಿದ್ದರು, ಇನ್ನೂ ಪಕ್ವನಾಗಿಲ್ಲ ಎನ್ನುತ್ತಿದ್ದರು. ದೀಕ್ಷೆ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಮೊದಲ ನಾಲ್ಕು ವರ್ಷ ಶಿಷ್ಯ ತನ್ನನ್ನೇ ಬೈದುಕೊಂಡ. ಉಪ್ಪು ಬಿಟ್ಟ, ಹಾಸಿಗೆ ಬಿಟ್ಟ, ಮಾತು ಬಿಟ್ಟ. ಆಮೇಲೆ ಅವನಿಗೆ ಜೊತೆಗಾರನ ಗೊರಕೆಯ ಮೇಲೆ ಅನುಮಾನ ಹುಟ್ಟಿತು. ಅವನನ್ನು ಬೇರೆ ಕೋಣೆಗೆ ಅಟ್ಟಿಸಬೇಕೆಂಬುದೇ ಈ ಪ್ರಶ್ನೆಯ ಒಳಗಿನ ಆಸೆ.

ಗುರುಗಳು ಅವನಿಗೊಂದು ಕತೆ ಹೇಳಿದರು.

ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಒಬ್ಬ ಹೆಂಗಸಿದ್ದಳು. ರಾಗಿ ಹೊಲದ ನಡುವೆ ಸಾಲು ಬಿಟ್ಟು ಹರಳು ಬಿತ್ತುತ್ತಿದ್ದಳು, ಬೀಜ ಒಣಗಿಸಿ ಮನೆಯಲ್ಲೇ ಹರಳೆಣ್ಣೆ ತೆಗೆಯುತ್ತಿದ್ದಳು. ಅದು ನೋಡಲು ಸುಲಭದ ಕೆಲಸ, ಮಾಡಲು ಅಲ್ಲ. ಬೀಜವನ್ನು ಹದವಾಗಿ ಹುರಿಯಬೇಕು. ಒರಳಿಗೆ ಹಾಕಿ ಕುಟ್ಟಬೇಕು. ನೀರಿಟ್ಟು ಕುದಿಸಬೇಕು. ಎಣ್ಣೆ ಮೇಲೆ ತೇಲಿ ಬರುತ್ತದೆ. ಅದನ್ನು ಬಳಿದು ಬೇರೆ ಪಾತ್ರೆಗೆ ಹಾಕಿ, ಉಳಿದ ನೀರು ಆರುವ ತನಕ ಮತ್ತೆ ಕಾಯಿಸಬೇಕು. ಪಾತ್ರೆಯೊಳಗಿನ ಚಟಚಟ ನಿಂತಿತೋ, ಎಣ್ಣೆ ಬೆಂದಿತು ಎಂದು ಲೆಕ್ಕ. ತುಸು ಮೊದಲೇ ಇಳಿಸಿದರೆ ನೀರು ಉಳಿದು ಎಣ್ಣೆ ಕಮಟುತ್ತದೆ. ತುಸು ತಡವಾದರೆ ಕರಕಾಗುತ್ತದೆ. ಆ ನಡುವಿನ ಗಳಿಗೆಯನ್ನು ಕಿವಿಯಿಂದಲೇ ಹಿಡಿಯಬೇಕು. ಅವಳ ಕಿವಿಗೆ ಅದು ಗೊತ್ತಿತ್ತು.

ಊರಿನ ಬಾಣಂತಿಯರು ಅವಳ ಮನೆಗೇ ಬಂದು ಎಣ್ಣೆ ಒಯ್ಯುತ್ತಿದ್ದರು. ಕೂಸಿನ ನೆತ್ತಿಗೆ ಅದೇ, ಹೊಟ್ಟೆ ಕಟ್ಟಿದವರಿಗೆ ಅದೇ, ಉರಿಯುವ ಕಣ್ಣಿನ ರೆಪ್ಪೆಗೆ ಅದೇ. ಯಾರೂ ಎಂದೂ ಕೊರತೆ ಹೇಳಲಿಲ್ಲ. ಆದರೆ ಕೂಸಿನ ನೆತ್ತಿಗೆ ಮಾತು ಬರುವುದಿಲ್ಲ. ಪೇಟೆಯ ವ್ಯಾಪಾರಿಗೆ ಬರುತ್ತದೆ.

ಸಂತೆಯ ಬೀದಿಯಲ್ಲಿ ಆ ವ್ಯಾಪಾರಿಯ ಅಂಗಡಿ. ಸುತ್ತಲಿನ ಹಳ್ಳಿಗಳ ಹರಳೆಣ್ಣೆಯೆಲ್ಲ ಬಂದು ಬೀಳುತ್ತಿದ್ದುದು ಅಲ್ಲಿಗೇ. ಅಂಗಡಿಯಲ್ಲಿ ಎರಡು ಪೀಪಾಯಿ. ಒಂದು ತಲೆ ಎಣ್ಣೆಯದು. ಮೈಗೆ, ಮದ್ದಿಗೆ, ದೇವರ ದೀಪಕ್ಕೆ. ಇನ್ನೊಂದು ಅರ್ಧ ಬೆಲೆಯ ಗಾಡಿ ಎಣ್ಣೆಯದು. ಗಾಡಿಯ ಅಚ್ಚಿಗೆ, ನೊಗ ಕಟ್ಟುವ ಚರ್ಮದ ಮಿಣಿಗೆ. ಯಾವ ಎಣ್ಣೆ ಯಾವ ಪೀಪಾಯಿಗೆ ಎಂದು ತೀರ್ಮಾನಿಸುತ್ತಿದ್ದುದು ಬತ್ತಿ. ವ್ಯಾಪಾರಿ ತಂದವರ ಎಣ್ಣೆಯನ್ನು ಹಣತೆಗೆ ಒಂದಿಷ್ಟು ಹೊಯ್ದು, ಹೊಸ ಬತ್ತಿ ಹೊಸೆದು ಹಚ್ಚುತ್ತಿದ್ದ. ಬತ್ತಿ ಸದ್ದಿಲ್ಲದೆ ಉರಿದರೆ ತಲೆ ಎಣ್ಣೆ. ಚಟಚಟ ಎಂದರೆ ನೀರು ಉಳಿದಿದೆ, ಎಣ್ಣೆ ಬೆಂದಿಲ್ಲ, ಗಾಡಿ ಎಣ್ಣೆ. ಪರೀಕ್ಷೆ ಎಲ್ಲರ ಕಣ್ಣೆದುರಿಗೇ ನಡೆಯುತ್ತಿತ್ತು. ಇವನಿಗಿಂತ ಪ್ರಾಮಾಣಿಕ ವ್ಯಾಪಾರಿ ಇಲ್ಲ ಎಂದು ಸಂತೆಯವರು ಹೊಗಳುತ್ತಿದ್ದರು.

ಅವಳ ಎಣ್ಣೆಗೆ ಬತ್ತಿ ಚಟಚಟ ಎನ್ನುತ್ತಿತ್ತು.

"ನಾನು ಹೇಳೋದಲ್ಲ ಕಣವ್ವ, ಬತ್ತಿ ಹೇಳ್ತಿದೆ," ಎನ್ನುತ್ತಿದ್ದ ವ್ಯಾಪಾರಿ. ಸ್ವರದಲ್ಲಿ ಮರುಕವೂ ಇರುತ್ತಿತ್ತು.

ಬತ್ತಿಯ ಜೊತೆ ಜಗಳವಾಡುವವರು ಯಾರು? ಅವಳು ಎಣ್ಣೆಯನ್ನು ಗಾಡಿ ಪೀಪಾಯಿಗೆ ಸುರಿದು ತಲೆ ತಗ್ಗಿಸಿ ಬರುತ್ತಿದ್ದಳು. ಮೊದಲು ಬೀಜ ಹಸಿಯಿದ್ದಿರಬೇಕು ಎಂದುಕೊಂಡಳು. ಇನ್ನೆರಡು ಬಿಸಿಲು ಒಣಗಿಸಿದಳು. ಆಮೇಲೆ ಸೌದೆ ಸರಿಯಿಲ್ಲ ಎಂದುಕೊಂಡಳು. ಜಾಲಿ ಬಿಟ್ಟು ಹುಣಸೆ ಸೌದೆ ತಂದಳು. ಪಾತ್ರೆ ಬದಲಾಯಿಸಿದಳು. ಮುಟ್ಟಾದ ದಿನಗಳನ್ನು ಎಣಿಸಿ ನೋಡಿದಳು. ಒಂದು ವರ್ಷ ಚಟಚಟ ನಿಂತ ಮೇಲೂ ಉರಿ ಆರಿಸದೆ ಕಾಯಿಸಿದಳು. ಎಣ್ಣೆ ಕಪ್ಪಾಯಿತು. ಬತ್ತಿ ಆಗಲೂ ಸಿಡಿಯಿತು. ಬೇಯೋದೂ ಇಲ್ಲ, ಸೀಯೋದೂ ಬಿಡಲ್ಲ, ಎರಡೂ ಒಟ್ಟಿಗೆ ಮಾಡೋದು ದೊಡ್ಡ ವಿದ್ಯೆ ಕಣವ್ವ ಎಂದು ವ್ಯಾಪಾರಿ ನಗಾಡಿದ. ಅಂಗಡಿಯ ಮುಂದಿದ್ದವರೂ ನಕ್ಕರು.

ವರ್ಷಕ್ಕೆ ಒಂದೋ ಎರಡೋ ಸಲ ಬತ್ತಿ ಸದ್ದಿಲ್ಲದೆ ಉರಿಯುತ್ತಿತ್ತು. ಅವಳನ್ನು ಹಾಳು ಮಾಡಿದ್ದು ಅದೇ. ಪ್ರತಿ ಸಲವೂ ಸೋತಿದ್ದರೆ ಪರೀಕ್ಷೆಯ ಮೇಲೆ ಅನುಮಾನ ಬರುತ್ತಿತ್ತೋ ಏನೋ. ಒಮ್ಮೆ ಗೆದ್ದವಳು ಇನ್ನೊಮ್ಮೆ ಗೆಲ್ಲಬಹುದು ಎಂದುಕೊಳ್ಳುತ್ತಾಳೆ. ಗೆಲ್ಲದಿದ್ದಾಗ ತನ್ನ ಕೈಯನ್ನೇ ಶಪಿಸುತ್ತಾಳೆ.

ಹೀಗೆ ಆರು ವರ್ಷ ಕಳೆದಾಗ ಮನೆಗೆ ಸೊಸೆ ಬಂದಳು. ಶಪಿಸಲು ಇನ್ನೊಂದು ಜೋಡಿ ಕೈ ಸಿಕ್ಕಿತು.

ಸೊಸೆ ಚುರುಕಿನ ಹುಡುಗಿ. ಒಲೆಯ ಮುಂದೆ ಅವಳೇ ಕೂರುತ್ತಿದ್ದಳು, ಸಂತೆಗೆ ಗಡಿಗೆ ಹೊರುವವಳೂ ಅವಳೇ. ಹರಳೆಣ್ಣೆ ಮಂದ, ಗಡಿಗೆ ಬೋರಲು ಹಾಕಿದರೂ ಕೊನೆಯ ಹನಿ ಇಳಿಯಲು ಬಹಳ ಹೊತ್ತು ಬೇಕು. ಅತ್ತೆ ಬತ್ತಿ ಸಿಡಿದ ಕೂಡಲೇ ನಾಚಿಕೆಯಿಂದ ಎದ್ದು ಉಪ್ಪು, ಮೆಣಸಿನಕಾಯಿ ಕೊಳ್ಳಲು ಹೋಗಿಬಿಡುತ್ತಿದ್ದಳು. ಗಡಿಗೆ ಸೋರುವ ತನಕ ಅಂಗಡಿಯಲ್ಲಿ ಕಾಯುವ ಕೆಲಸ ಸೊಸೆಯದು.

ಮೂರು ವರ್ಷ ಸೊಸೆ ಬೈಗುಳ ತಿಂದಳು. ಒಲೆಯ ಮುಂದೆ ತೂಕಡಿಸುತ್ತಾಳೆ, ತವರಿನಲ್ಲಿ ಏನೂ ಕಲಿತಿಲ್ಲ, ಈ ಮನೆಯ ಎಣ್ಣೆಗೆ ಇವಳ ಕಾಲ್ಗುಣ ತಗುಲಿದೆ ಎಂದು ಅತ್ತೆ ಊರ ಬಾವಿಕಟ್ಟೆಯಲ್ಲಿ ಹೇಳಿಕೊಂಡು ಬಂದಳು. ಅವಳು ಬರುವ ಮೊದಲೂ ಬತ್ತಿ ಸಿಡಿಯುತ್ತಿತ್ತು ಎಂಬುದು ಬಾವಿಕಟ್ಟೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ಅತ್ತೆಗೂ ಆಗಲಿಲ್ಲ.

ಒಂದು ದಿನ ಎಣ್ಣೆ ಕಾಯುತ್ತಿದ್ದಾಗ ಸೊಸೆ ಹೇಳಿದಳು: "ಅತ್ತೆ, ಸಾವ್ಕಾರ್ರು ನಮ್ಮ ಎಣ್ಣೆಗೆ ಬತ್ತಿ ಹೊಸೆಯುವಾಗ ಹೆಬ್ಬೆರಳು ನೆಕ್ಕಿಕೊಳ್ತಾರೆ. ಕೊಳ್ಳೋಕೆ ಬಂದವರ ಮುಂದೆ ಹೊಸೆಯುವಾಗ ಬೂದಿ ಮುಟ್ಟಿಕೊಳ್ತಾರೆ. ಒಂದು ಸಲ ನಿಂತು ನೋಡಿ."

ಬತ್ತಿ ಹೊಸೆಯುವಾಗ ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುವುದು ಎಲ್ಲರ ಮನೆಯ ಪದ್ಧತಿ. ಹತ್ತಿ ಜಾರುವುದಿಲ್ಲ, ಬತ್ತಿ ಒಣಗಿಯೇ ಇರುತ್ತದೆ. ಒದ್ದೆ ಬತ್ತಿ ಯಾವ ಎಣ್ಣೆಯಲ್ಲಿಟ್ಟರೂ ಸಿಡಿಯುತ್ತದೆ ಎಂಬುದು ದಿನವೂ ದೀಪ ಹಚ್ಚುವ ಹೆಂಗಸಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೂ ಅವಳಿಗೆ ಕೇಳಿಸಿದ್ದು ಅದಲ್ಲ. ಕೆಲಸಗಳ್ಳಿ ಒಬ್ಬಳು ದೊಡ್ಡವರ ಮೇಲೆ ತಪ್ಪು ಹೊರಿಸುತ್ತಿದ್ದಾಳೆ ಎಂದು ಕೇಳಿಸಿತು. ಇಡೀ ಸಂತೆ ನಂಬಿದವನನ್ನು ಮೊನ್ನೆ ಬಂದವಳು ಪರೀಕ್ಷೆ ಮಾಡುತ್ತಾಳಂತೆ. ಅತ್ತೆಗೆ ಮೈಯೆಲ್ಲ ಉರಿಯಿತು. ಸೊಸೆಯ ಕೈ ಹಿಡಿದೆಳೆದು, ಕಾಯುವ ಎಣ್ಣೆಯನ್ನು ಸೌಟಿನ ತುದಿಯಿಂದ ಅಂಗೈ ಹಿಂದೆ ತೊಟ್ಟಿಕ್ಕಿಸಿದಳು.

"ಬೆಂದಿದೆಯೋ ಇಲ್ಲವೋ, ಈಗ ನೀನೇ ಹೇಳು."

ಸೊಸೆ ಕೈಯನ್ನು ನೀರಿನ ಗಡಿಗೆಗೆ ಅದ್ದಿದಳು. ಮರುದಿನ ಅವಳನ್ನು ತವರಿಗೆ ಕಳಿಸಿದರು. ಗಂಡ ಎನ್ನುವವನೊಬ್ಬ ಇದ್ದ. ಅವನು ಆಗ ಎತ್ತಿಗೆ ಮೇವು ಹಾಕುತ್ತಿದ್ದ, ಹಾಕುತ್ತಲೇ ಇದ್ದ.

ಮುಂದಿನ ಸಲ ಎಣ್ಣೆ ತೆಗೆಯುವಾಗ ಆ ಹೆಂಗಸು ಎಲ್ಲವನ್ನೂ ತಾನೇ ಮಾಡಿದಳು. ಬೇರೆಯವರ ಕೈ ಸೋಕಲು ಬಿಡಲಿಲ್ಲ. ಪಾತ್ರೆಗೆ ಕಿವಿಗೊಟ್ಟು ಕೂತಳು. ಸದ್ದು ನಿಂತ ಗಳಿಗೆಗೆ ಸರಿಯಾಗಿ ಇಳಿಸಿದಳು. ಜೇನಿನ ಬಣ್ಣದ ಎಣ್ಣೆ. ಇಂಥದ್ದನ್ನು ಅವಳೂ ಬಹಳ ಕಾಲದಿಂದ ನೋಡಿರಲಿಲ್ಲ. ಶನಿ ತೊಲಗಿತು ಎಂದುಕೊಂಡು ಗಡಿಗೆ ಹೊತ್ತು ಸಂತೆಗೆ ನಡೆದಳು.

ಬತ್ತಿ ಸಿಡಿಯಿತು.

ನಾನು ಹೇಳೋದಲ್ಲ ಎಂದು ವ್ಯಾಪಾರಿ ಶುರು ಮಾಡಿದ. ಅವಳು ಕೇಳಿಸಿಕೊಳ್ಳಲಿಲ್ಲ. ಗಡಿಗೆಯನ್ನು ಗಾಡಿ ಪೀಪಾಯಿಯ ಮೇಲೆ ಬೋರಲು ಹಾಕಿದಳು. ಇನ್ನು ಬೈಯಲು ಯಾರೂ ಉಳಿದಿರಲಿಲ್ಲ. ಕಾಯಲೂ ಯಾರೂ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಆ ಅಂಗಡಿಯ ಮೂಲೆಯಲ್ಲಿ ಕೂತಳು.

ಕೂತಿದ್ದಾಗ ದೂರದ ಊರಿನ ಮದ್ದಿನ ಅಂಗಡಿಯವನೊಬ್ಬ ಬಂದ. ಕೂಸುಗಳ ತಲೆಗೆ ಒಳ್ಳೆಯ ಎಣ್ಣೆ ಬೇಕು ಎಂದ. ವ್ಯಾಪಾರಿ ಪಂಚೆಗೆ ಕೈ ಒರೆಸಿಕೊಂಡ. ಅವಳ ಗಡಿಗೆಯಿಂದ ಇಳಿಯುತ್ತಿದ್ದ ಎಳೆಗೇ ಹಣತೆ ಒಡ್ಡಿ ಎಣ್ಣೆ ಹಿಡಿದ. ದೇವರ ಪಟದ ಮುಂದಿದ್ದ ಊದುಬತ್ತಿಯ ಬೂದಿಯನ್ನು ಬೆರಳಿಗೆ ಮುಟ್ಟಿಸಿಕೊಂಡು ಬತ್ತಿ ಹೊಸೆದ. ಹಚ್ಚಿದ. ಜ್ವಾಲೆ ನೆಟ್ಟಗೆ ನಿಂತಿತು. ಕಿಂಚಿತ್ತೂ ಸದ್ದಿಲ್ಲ.

"ನಾನು ಹೇಳೋದಲ್ಲ ಸ್ವಾಮಿ, ಬತ್ತಿ ಹೇಳ್ತಿದೆ," ಎಂದ. ಗಾಡಿ ಪೀಪಾಯಿಯಿಂದಲೇ ಅವನ ಡಬ್ಬ ತುಂಬಿಸಿ ತಲೆ ಎಣ್ಣೆಯ ಬೆಲೆ ತೆಗೆದುಕೊಂಡ.

ಅವಳು ಎದ್ದು ನಿಂತಳು. ಅದು ತನ್ನ ಎಣ್ಣೆ, ಈಗಷ್ಟೇ ಗಾಡಿಗೆ ಎಂದು ಸುರಿಸಿದ್ದು, ಎಂದು ಕೊಳ್ಳುವವನಿಗೆ ಹೇಳಿದಳು. ಕೊಳ್ಳುವವನು ಇಬ್ಬರ ಮುಖವನ್ನೂ ನೋಡಿದ. ಡಬ್ಬಕ್ಕೆ ಮುಚ್ಚಳ ಬಿಗಿಯಾಗಿದೆಯೇ ಎಂದಷ್ಟೇ ವಿಚಾರಿಸಿಕೊಂಡು ಹೊರಟುಹೋದ. ಅವನಿಗೆ ಬೇಕಾದದ್ದು ಒಳ್ಳೆಯ ಎಣ್ಣೆ, ಅದು ಸಿಕ್ಕಿತ್ತು.

ಅವಳು ವ್ಯಾಪಾರಿಯ ಕಡೆ ತಿರುಗಿದಳು. "ನನ್ನ ಎಣ್ಣೆಗೆ ಯಾಕೆ ಬೂದಿ ಮುಟ್ಟಲಿಲ್ಲ?"

ವ್ಯಾಪಾರಿಗೆ ಗಾಬರಿಯಾಗಲಿಲ್ಲ. ಎಲೆಗೆ ಸುಣ್ಣ ಸವರುತ್ತ, "ಕೇಳಿದ್ದರೆ ಮುಟ್ತಿದ್ದೆ," ಎಂದ. "ನಿನ್ನ ಕಣ್ಣೆದುರಿಗೇ ತಾನೆ ಹೊಸೆದದ್ದು? ಬೆರಳು ಬಚ್ಚಿಟ್ಟುಕೊಂಡಿದ್ದೆನೇ? ಒಂಬತ್ತು ವರ್ಷದಲ್ಲಿ ನೀನು ಒಂದು ದಿನವಾದರೂ ಕೇಳಿದೆಯಾ?"

ಅವಳು ಅವನಿಗೆ ಶಾಪ ಹಾಕಬಹುದಿತ್ತು. ಹಾಕಲಿಲ್ಲ. ಅವಳಿಗೆ ಆ ಹೊತ್ತಿನಲ್ಲಿ ಕಂಡದ್ದು ಅವನ ಹೆಬ್ಬೆರಳಲ್ಲ, ಸೌಟಿನ ಕೆಳಗೆ ತಾನು ಎಳೆದು ಹಿಡಿದಿದ್ದ ಕೈ. ಗಡಿಗೆಯನ್ನು ಅಲ್ಲೇ ಬಿಟ್ಟು, ಮನೆಗೂ ಹೋಗದೆ, ಮೂರು ಹರದಾರಿ ನಡೆದು ಸೊಸೆಯ ತವರಿಗೆ ಹೋದಳು.

ಸೊಸೆ ಅಂಗಳದಲ್ಲಿ ಹರಳು ಸುಲಿಯುತ್ತಿದ್ದಳು. ಅಂಗೈ ಹಿಂದೆ ಗಾಯ ಮಾಗಿ ಹೊಳೆಯುವ ಕಲೆಯಾಗಿತ್ತು. ಅತ್ತೆ ಹೊಸ್ತಿಲಾಚೆಯೇ ನಿಂತು ಎಲ್ಲವನ್ನೂ ಹೇಳಿದಳು. ತಾನೇ ಕಣ್ಣಾರೆ ನೋಡಿದೆ ಎಂದಳು, ತಪ್ಪು ನಿನ್ನದಲ್ಲ ಎಂದಳು, ಊರವರೆಲ್ಲರ ಮುಂದೆ ಹಾಗೆಂದು ಹೇಳುತ್ತೇನೆ ಎಂದಳು. "ಬತ್ತಿ ಒದ್ದೆಯಿತ್ತು ಕಣೆ. ಬಾ, ಮನೆಗೆ ಹೋಗೋಣ."

ಸೊಸೆ ಅವಳಿಗೆ ಕುಡಿಯಲು ನೀರು ಕೊಟ್ಟಳು. ಆಮೇಲೆ ಹೇಳಿದಳು: "ನಾನು ಹೇಳಿದಾಗಲೂ ಒದ್ದೆಯೇ ಇತ್ತು ಅತ್ತೆ."

ಮತ್ತೆ ಹರಳು ಸುಲಿಯಲು ಕೂತಳು. ಏಳಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವ್ಯಾಪಾರಿಗೆ ಏನಾಯಿತು ಎಂದು ಶಿಷ್ಯ ಕೇಳಿದ. ಏನೂ ಆಗಲಿಲ್ಲ ಎಂದರು ಗುರುಗಳು. ಸುದ್ದಿ ಹಬ್ಬಿ ಹೆಂಗಸರು ತಮ್ಮ ತಮ್ಮ ಬತ್ತಿ ತರಲು ಶುರು ಮಾಡಿದರು. ವ್ಯಾಪಾರಿ ಬತ್ತಿಯ ಪರೀಕ್ಷೆ ಹಳೆಯದಾಯಿತು ಎಂದ. ಈಗ ಎಣ್ಣೆಯನ್ನು ಸೌಟಿನಲ್ಲಿ ಎತ್ತಿ ಸುರಿದು ಎಳೆ ನೋಡುತ್ತಾನೆ. ಸೌಟು ಅವನದೇ. ಎಳೆ ತುಂಡಾದವರು ಮನೆಗೆ ಹೋಗಿ ಬೀಜ ಬೈಯುತ್ತಾರೆ, ಸೌದೆ ಬೈಯುತ್ತಾರೆ, ಸೊಸೆಯರನ್ನು ಬೈಯುತ್ತಾರೆ.

ಶಿಷ್ಯನಿಗೆ ಸಿಟ್ಟು ಬಂತು. ಆದರೆ ವ್ಯಾಪಾರಿಯ ಮೇಲಲ್ಲ.

"ಆ ಹೆಂಗಸು ಎಂಥವಳು ಗುರುಗಳೇ? ತನ್ನನ್ನು ಬೈದುಕೊಂಡಳು. ಅದು ಸಾಲದೆ ಜೊತೆಯಲ್ಲಿದ್ದ ಹುಡುಗಿಯ ಕೈ ಸುಟ್ಟು ಓಡಿಸಿದಳು. ಒಂಬತ್ತು ವರ್ಷ ಎಲ್ಲವನ್ನೂ ಅನುಮಾನಿಸಿದವಳಿಗೆ ಪರೀಕ್ಷೆ ಮಾಡುವವನನ್ನು ಒಮ್ಮೆ ನೋಡಬೇಕು ಎಂದು ಹೊಳೆಯಲಿಲ್ಲವೇ?"

ಗುರುಗಳು ಹೇಳಿದರು: "ಏಳು ವರ್ಷದಿಂದ ನಿನ್ನನ್ನು ಪಕ್ವನಲ್ಲ ಎನ್ನುತ್ತಿದ್ದೇನೆ, ನಾನು ಪಕ್ವನೆಂದು ನಿನಗೆ ಹೇಳಿದವರು ಯಾರು?"